ಹಾಲು ಹಲ್ಲಿನ ಹುಳುಕೂ ಅರಿವಳಿಕೆಯ ಚಿಕಿತ್ಸೆಯೂ

ನಾಲ್ಕೈದು ವರ್ಷದ ಕೂಸಿನ ಬಾಯಲ್ಲಿ ಆರೇಳು ಹಲ್ಲುಗಳು ಹುಳುಕು ಹಿಡಿದು, ಅದು ರಾತ್ರಿಯೆಲ್ಲ ನೋವಿನಿಂದ ಅಳುತ್ತಿರುವಾಗ, ವೈದ್ಯನ ಕುರ್ಚಿಯಲ್ಲಿ ಅದನ್ನು ಸುಮ್ಮನೆ ಕೂರಿಸುವುದು ಯಾರಿಂದ ಸಾಧ್ಯ? ಅಂಥ ಮಗುವಿಗೆ ಸಂಪೂರ್ಣ ಅರಿವಳಿಕೆಯನ್ನಿತ್ತು, ಕೆಟ್ಟ ಹಲ್ಲುಗಳನ್ನು ಒಂದೇ ಸಲಕ್ಕೆ ಕಿತ್ತು, ಉಳಿಸಬಹುದಾದವನ್ನು ಸರಿಪಡಿಸುವ ಕ್ರಮವು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಅದರ ಫಲಾಫಲಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ಈ ವಿದ್ಯೆಗೂ ದಂತವೈದ್ಯಕ್ಕೂ ಹಳೆಯ ನಂಟು. ೧೮೪೬ನೆಯ ಇಸವಿಯ ಅಕ್ಟೋಬರ್ ೧೬ರಂದು ಅಮೇರಿಕದ ಬೋಸ್ಟನ್ ನಗರದಲ್ಲಿ ಈಥರಿನ ಮಹಿಮೆಯನ್ನು ಲೋಕಕ್ಕೆ ತೋರಿಸಿದ ವಿಲಿಯಂ ಮಾರ್ಟನ್ ದಂತವೈದ್ಯನೇ. ಆದರೆ ಈ ವರವು ನಿರಪಾಯವಾಗಿರಲಿಲ್ಲ. ೧೮೪೮ರ ಜನವರಿಯಲ್ಲಿ ಹನ್ನಾ ಗ್ರೀನರ್ ಎಂಬ ೧೫ ವರ್ಷದ ಆಂಗ್ಲ ಬಾಲೆ, ಕಾಲಿನ ಉಗುರನ್ನು ತೆಗೆಸಿಕೊಳ್ಳಲೆಂದು ಕ್ಲೋರೋಫಾರಂ ಆಘ್ರಾಣಿಸಿ ಪ್ರಾಣಬಿಟ್ಟಳು. ಇಂಗ್ಲೆಂಡಿನ ದಂತವೈದ್ಯರ ಕೊಠಡಿಗಳಲ್ಲಿಯೇ ಅರಿವಳಿಕೆ ಕೊಡುವ ಪದ್ಧತಿಯು ಬಹುಕಾಲ ನಡೆದು, ಮಕ್ಕಳ ಮರಣಗಳು ಸಂಭವಿಸಿದ ಬಳಿಕ, ೨೦೦೧ರ ಕೊನೆಗೆ ಅದನ್ನು ನಿಲ್ಲಿಸಿ ಆಸ್ಪತ್ರೆಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು.

ತಜ್ಞರೂ ಸಲಕರಣೆಗಳೂ ಇರುವಲ್ಲಿ ಆರೋಗ್ಯವಂತ ಮಗುವಿಗೆ ಪ್ರಾಣಾಪಾಯವು ಇಂದು ಅತ್ಯಲ್ಪ. ಎಚ್ಚರವಾದ ಮೇಲೆ ವಾಕರಿಕೆ, ತೂಕಡಿಕೆ, ಅಳು ಕೆಲಹೊತ್ತು ಇದ್ದು ಹೋಗುತ್ತವೆ. ಮಿದುಳಿಗೆ ಕೇಡಾದೀತೇ ಎಂಬ ಶಂಕೆ ಸಹಜವಾದದ್ದೇ. ಮೂರು ವರ್ಷದೊಳಗಿನ ಮಕ್ಕಳಿಗೆ ದೀರ್ಘಕಾಲ ಅಥವಾ ಪದೇಪದೇ ಅರಿವಳಿಕೆ ಕೊಡುವ ವಿಷಯದಲ್ಲಿ ಅಮೇರಿಕದ ಔಷಧ ನಿಯಂತ್ರಣಾಧಿಕಾರಿಗಳು ೨೦೧೬ರಲ್ಲಿ ಎಚ್ಚರಿಕೆಯಿತ್ತರು. ಆದರೆ ಶೈಶವದಲ್ಲಿ ಒಮ್ಮೆ, ಒಂದು ಗಂಟೆಗೂ ಕಡಿಮೆ ಕಾಲ ಅರಿವಳಿಕೆಗೆ ಒಳಗಾದವರ ಬುದ್ಧಿಯು ಐದನೆಯ ವರ್ಷದಲ್ಲಿ ಕುಂದಿರಲಿಲ್ಲವೆಂದು ೨೦೧೯ರಲ್ಲಿ ಪ್ರಕಟವಾದ ಪರಿಶೋಧನೆಯು ತಿಳಿಸಿತು.

ಚಿಕಿತ್ಸೆಯ ತರುವಾಯ ನೋವಡಗಿ, ಮಗುವು ಉಣ್ಣುತ್ತದೆ, ನಿದ್ರಿಸುತ್ತದೆ. ಮನೆಯವರೂ ನಿಟ್ಟುಸಿರು ಬಿಡುತ್ತಾರೆ. ಇದು ಸಣ್ಣ ಲಾಭವಲ್ಲ. ಆದರೆ ವರ್ಷವೆರಡು ವರ್ಷಗಳಲ್ಲಿ ಇವರಲ್ಲಿ ಅನೇಕರ ಬಾಯಲ್ಲಿ ಹೊಸ ಹುಳುಕು ತಲೆದೋರುತ್ತದೆ. ಶಸ್ತ್ರವು ಹಲ್ಲನ್ನು ತೆಗೆಯಬಲ್ಲುದು. ಸಕ್ಕರೆಯ ಚಟವನ್ನೂ, ಹಾಲಿನ ಸೀಸೆಯನ್ನು ಬಾಯಲ್ಲಿಟ್ಟು ಮಲಗಿಸುವ ಅಭ್ಯಾಸವನ್ನೂ ತೆಗೆಯಲಾರದು.

ಇದಕ್ಕೆ ಬ್ರಿಟನ್ನೇ ಸಾಕ್ಷಿ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ೨೦೨೨-೨೩ರಲ್ಲಿ ೧೯ ವರ್ಷದವರೆಗಿನವರಿಗೆ ಹುಳುಕಿನ ಸಲುವಾಗಿಯೇ ಹಲ್ಲು ಕಿತ್ತ ಪ್ರಸಂಗಗಳು ಸುಮಾರು ೩೧,೦೦೦. ಅದೇ ನೆರೆಯ ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರದ ಮಕ್ಕಳು ಉಪಾಧ್ಯಾಯಿನಿಯರ ಕಣ್ಣೆದುರಿನಲ್ಲಿ ದಿನವೂ ಫ್ಲೋರೈಡಿನ ಪೇಸ್ಟಿನಿಂದ ಹಲ್ಲುಜ್ಜುವ ಏರ್ಪಾಡಾಯಿತು. ಶಾಲೆಯ ಮೊದಲ ತರಗತಿಯಲ್ಲಿ ಹುಳುಕಿಲ್ಲದ ಮಕ್ಕಳು ೨೦೦೩ರಲ್ಲಿ ನೂರಕ್ಕೆ ೪೫ ಇದ್ದವರು ೨೦೧೮ರಲ್ಲಿ ೭೧ ಆದರು.

ಇದರಿಂದ ನಾವು ಕಲಿಯತಕ್ಕದ್ದೇನು? ೧೯೭೫ರಲ್ಲಿ ಮೊದಲಾದ ಅಂಗನವಾಡಿಗಳಲ್ಲಿ ನಮ್ಮ ಮಕ್ಕಳು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಉಂಡ ಬಳಿಕ ಒಟ್ಟಿಗೆ ಹಲ್ಲುಜ್ಜಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ನೀರಿನಲ್ಲಿ ಫ್ಲೋರೈಡು ಮಿತಿಮೀರಿದ ಊರುಗಳಲ್ಲಿ ಮಾತ್ರ ಪೇಸ್ಟಿನ ಆಯ್ಕೆಗೆ ವೈದ್ಯರ ಸಲಹೆ ಅವಶ್ಯ. ನೊಂದ ಮಗುವಿಗೆ ಅರಿವಳಿಕೆಯ ಚಿಕಿತ್ಸೆ ದೊರೆಯಲೇಬೇಕು. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಸಾಲಿಗೆ ನಾವು ಸೇರದಿರುವುದು ಲೇಸು. ಮಗುವಿಗೆ ಅರಿವಳಿಕೆ ಬೇಕಾಗಿ ಬರುವ ಮುನ್ನವೇ ಹಿರಿಯರಿಗೆ ಅರಿವು ಮೂಡಲಿ.