ಹೊಲಿಗೆ ಬರುತ್ತೆ, ಬ್ಯಾಂಕಿಗೆ ಹೋಗೋಕೆ ಬರಲ್ಲ

ನಮ್ಮ ಕ್ಯಾಂಪಸ್‌ನಲ್ಲಿ ಟ್ರೇನಿಂಗ್ ಅಂದ್ರೆ ಆಪ್ಟಿಟ್ಯೂಡ್ ಕ್ಲಾಸು. ಅಟೆಂಡೆನ್ಸ್ ಹಾಕಿಸಿಕೊಂಡು ಹಿಂದಿನ ಬೆಂಚಲ್ಲಿ ತೂಕಡಿಸೋದು. ಕ್ಲಬ್‌ನಲ್ಲಿ ನಾವು ಮೂವರು ತೊರಗಲ್ ಸೀಮೆಯವರಿದ್ದೇವೆ: ಬೈಲಹೊಂಗಲ, ಸವದತ್ತಿ, ರಾಮದುರ್ಗ. (ತೊರಗಲ್ ಎಲ್ಲಿದೆ ಅಂತ ಕೇಳೋರಿಗೆ: ರಾಮದುರ್ಗ ತಾಲೂಕಿನಲ್ಲಿ, ಕೋಟೆ ಇರೋ ಊರು.) ಕಳೆದ ರಜೆಯಲ್ಲಿ ಬೈಲಹೊಂಗಲದ ನಮ್ಮ ಓಣಿಯ ಅಕ್ಕ ಒಬ್ರು "ನಾನೂ ಟ್ರೇನಿಂಗಿಗೆ ಹೊಂಟೇನಿ" ಅಂದ್ರು. ಹೊಲಿಗೆ ಟ್ರೇನಿಂಗ್. ಆದರೆ ಅವರು ಹತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದಾರೆ! ಮತ್ತೇನು ಕಲಿಯೋಕೆ ಅಂತ ಕೇಳಿದೆವು.

"ಹೊಲಿಗಿ ಬರ್ತೈತಿ ತಮ್ಮಾ. ಮಿಷನ್ ತಗೊಳ್ಳಾಕ ಬ್ಯಾಂಕಿನ್ಯಾಗ ಏನ್ ಮಾತಾಡಬೇಕು, ಅದು ಬರೂದಿಲ್ಲ."

ಆ ಮಾತಿನಿಂದಲೇ ಈ ಲೇಖನ ಶುರುವಾಯ್ತು. ಕೆಲಸ ಸಿಗದಿರೋದಕ್ಕೆ ಸ್ಕಿಲ್ ಇಲ್ಲದಿರೋದೇ ಕಾರಣ ಅಂತ ನಾವು ಅಂದುಕೊಂಡಿದ್ದೆವು. ನಮ್ಮ ಕಡೆ ನೋಡಿದ್ರೆ ಸ್ಕಿಲ್ ಎಷ್ಟೋ ಸಲ ಕೊನೆಯ ಅಡ್ಡಿ. ಅದಕ್ಕಿಂತ ಮೊದಲು ದೂರ ಇದೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕು ಊರುಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣ ಇಲ್ಲ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರ್. ದಿನಾ ಹೋಗಿ ಬಂದು ಕೋರ್ಸ್ ಮಾಡೋದು ಆಗದ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಯ್ತು, ಟಿಕೆಟ್ ದುಡ್ಡು ಉಳೀತು, ಆದರೆ ಬಸ್ಸಿನ ಟೈಮು ಉಳಿಯಲ್ಲ. ಆಮೇಲೆ SSLC ಸರ್ಟಿಫಿಕೇಟ್, ಮನೆಯವರ ಒಪ್ಪಿಗೆ, ಬ್ಯಾಂಕಿನ ಭಯ.

ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ರಾಜ್ಯದಲ್ಲೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಶುರುವಾಯ್ತು. ಊಟ, ವಸತಿ, ಕಲಿಕೆ ಎಲ್ಲ ಉಚಿತ; ಒಂದು ಬ್ಯಾಚಿಗೆ ಮೂವತ್ತರ ಆಸುಪಾಸು ಜನ. ಹೈನುಗಾರಿಕೆಗೆ ಹತ್ತು ದಿನ, ಹೊಲಿಗೆ, ಮೊಬೈಲ್ ರಿಪೇರಿಗೆ ಸುಮಾರು ಒಂದು ತಿಂಗಳು. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ತಗೊಂಡು ಜಿಲ್ಲೆಗೊಂದು ಆರ್‌ಸೆಟಿ ಅಂತ ಮಾಡಿತು. ನಮ್ಮ ಸೀಮೆಗೆ ಧಾರವಾಡದ ರುಡ್‌ಸೆಟ್ ಹತ್ತಿರ. ಕಿತ್ತೂರಿನವರಿಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯೂ ದೂರ ಅಲ್ಲ.

ನಮಗೆ ಹಿಡಿಸಿದ್ದು ಅಲ್ಲಿನ ಆಟ. ನಿಜವಾಗಲೂ ಆಟ ಆಡಿಸ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಷ್ಟು ದೂರದಿಂದ ಎಸೀಬೇಕು ಅನ್ನೋದನ್ನ ನೀವೇ ಆರಿಸ್ಕೋಬೇಕು, ದೂರ ಹೆಚ್ಚಾದಷ್ಟೂ ಪಾಯಿಂಟು ಜಾಸ್ತಿ. ತೀರಾ ಹತ್ತಿರ ನಿಂತ್ರೆ ರಿಂಗು ಬೀಳುತ್ತೆ, ಪಾಯಿಂಟು ಬರಲ್ಲ. ತೀರಾ ದೂರ ನಿಂತ್ರೆ ಅದು ಲಾಟರಿ. ಸ್ವಲ್ಪ ಕಷ್ಟಪಟ್ರೆ ಬೀಳೋ ಜಾಗ ಯಾವುದು ಅಂತ ಲೆಕ್ಕ ಹಾಕೋರು ವ್ಯಾಪಾರದಲ್ಲೂ ಹಾಗೇ ಯೋಚಿಸ್ತಾರೆ ಅನ್ನೋದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ ವಾದ. ಅವರ ತಂಡ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನ ಹೈದರಾಬಾದಿಗೆ ಕರೆಸಿ ಇಂಥ ತರಬೇತಿ ಕೊಟ್ಟು ನೋಡಿತ್ತು. ತರಬೇತಿ ಪಡೆದವರು ಆಮೇಲೆ ಉಳಿದವರಿಗಿಂತ ಹೆಚ್ಚು ಚುರುಕಾಗಿ ವ್ಯಾಪಾರ ಬೆಳೆಸಿದ್ರು. ಹಾಗಾಗಿ ಹೊಲಿಗೆ ಕ್ಲಾಸಲ್ಲಿ ರಿಂಗು ಎಸೆಯೋದು ಟೈಂಪಾಸ್ ಅಲ್ಲ. ಎರಡು ಮಿಷನ್ನಿಗೆ ಸಾಲ ಮಾಡಬೇಕಾ, ಹತ್ತಕ್ಕಾ ಅನ್ನೋ ಪ್ರಶ್ನೆಯೇ ಅದು.

ಇದರ ಜೊತೆಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು, ಬಟ್ಟೆ ದರ ವಿಚಾರಿಸಿಕೊಂಡು ಬರೋದು, ಬ್ಯಾಂಕ್ ಅಧಿಕಾರಿಗಳ ಎದುರು ಕೂತು ಮಾತಾಡೋದು. ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ, ಅಡಮಾನ ಬೇಡ. ಆದರೆ ಅದು ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು. ಬ್ಯಾಚ್ ಮುಗಿದ ಮೇಲೂ ಎರಡು ವರ್ಷ ಸಂಸ್ಥೆಯವರು ವಿಚಾರಿಸ್ತಾ ಇರ್ತಾರೆ. ನಮ್ಮ ಸರ್ಟಿಫಿಕೇಟ್ ಕೋರ್ಸುಗಳಲ್ಲಿ ಇಲ್ಲದ್ದು ಇದೇ.

ಸವದತ್ತಿ ಕಡೆ ಇನ್ನೊಂದು ಗಟ್ಟಿ ಅಡ್ಡಿ ಇತ್ತು. ದೇವದಾಸಿ ಪದ್ಧತಿ ನಿಷೇಧಿಸಿ 1982ರಲ್ಲಿ ಕಾಯ್ದೆ ಬಂತು, ಹೆಸರು ಮಾತ್ರ ಹೋಗಲಿಲ್ಲ. ಊರವರು ಹಳೇ ಹೆಸರಿಂದಲೇ ಕರೆಯೋವಾಗ ಕೆಲಸ ಕಲಿತು ಏನು ಮಾಡೋದು? ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆಯ ಬೆಂಬಲದಿಂದ ಈ ಹೆಣ್ಣುಮಕ್ಕಳೇ 1997ರಲ್ಲಿ 'ಮಾಸ್' ಎಂಬ ಸಂಘಟನೆ ಕಟ್ಟಿಕೊಂಡರು. ಉಳಿತಾಯ, ಸಾಲ, ಕೆಲಸ ಎಲ್ಲ ಸಂಘದ ಮೂಲಕ. ಒಬ್ಬರೇ ಹೋದ್ರೆ ತಿರುಗಿ ಕಳಿಸೋ ಕಡೆ ಇಪ್ಪತ್ತು ಜನ ಹೋದ್ರೆ ಕುರ್ಚಿ ಹಾಕ್ತಾರೆ.

ಎಲ್ಲಾ ಚೆನ್ನಾಗಿದೆ ಅಂತ ಹೇಳಲ್ಲ. ಊಟ ವಸತಿ ಫ್ರೀ, ಆದರೆ ಸೋಯಾಬೀನ್ ಕೊಯ್ಲಿನ ಹೊತ್ತಲ್ಲಿ ಒಂದು ತಿಂಗಳ ಕೂಲಿ ಬಿಟ್ಟು ಹೋಗೋದು ಎಲ್ಲರಿಗೂ ಆಗಲ್ಲ. ಕೈಗೂಸು ಇದ್ದವರಿಗಂತೂ ಇನ್ನೂ ಕಷ್ಟ. ಇನ್ನು ಕಂಪನಿ ಕೆಲಸಕ್ಕೆ ತಯಾರು ಮಾಡೋ ಯೋಜನೆಗಳು ಬೇರೆ, 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಥರದ್ದು. ಅಲ್ಲಿ ಕೆಲಸ ಸಿಕ್ಕರೂ ಬೆಂಗಳೂರಿನ ರೂಮ್ ಬಾಡಿಗೆ ಕಳೆದು ಏನು ಉಳಿಯುತ್ತೆ ಅನ್ನೋದೇ ಪ್ರಶ್ನೆ. ರಾಮದುರ್ಗದ ನಮ್ಮ ಗೆಳೆಯನ ಅಣ್ಣ ನಾಲ್ಕೇ ತಿಂಗಳಿಗೆ ವಾಪಸ್ ಬಂದ. ಅದನ್ನ ಟ್ರೇನಿಂಗಿನ ಸೋಲು ಅನ್ನೋಕೆ ನಮಗೆ ಮನಸ್ಸಿಲ್ಲ. ಕೆಲಸ ಊರ ಹತ್ತಿರ ಇರಬೇಕಿತ್ತು, ಅಷ್ಟೇ.

ನಿಮ್ಮ ಮನೇಲಿ, ಓಣೀಲಿ ಯಾರಾದ್ರೂ ಕೇಳಿದ್ರೆ ಗ್ರಾಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸೋಕೆ ಹೇಳಿ, ಇಲ್ಲಾಂದ್ರೆ ನೇರ ಸಂಸ್ಥೆಗೇ ಫೋನ್ ಮಾಡಬಹುದು.

ನಮ್ಮ ಓಣಿಯ ಅಕ್ಕ ತರಬೇತಿ ಮುಗಿಸಿ ಬಂದಿದ್ದಾರೆ. ಸಾಲ ಇನ್ನೂ ಮಂಜೂರಾಗಿಲ್ಲ. ಬ್ಯಾಂಕಿಗೆ ಎರಡು ಸಲ ಹೋಗಿ ಬಂದ್ರಂತೆ. ಮೊದಲ ಸಲ ಗಂಡನ ಜೊತೆ, ಎರಡನೇ ಸಲ ಒಬ್ರೇ.