ಅಣ್ಣ ಅಂದರೆ ಯಾವ ಅಣ್ಣ?

“ನಿಮ್ಮ ಯಜಮಾನರಿಗೆ ಅಣ್ಣತಮ್ಮಂದಿರು ಎಷ್ಟು ಜನಮ್ಮಾ?”

“ನಾಲ್ಕು ಜನ ಮೇಡಂ.”

“ನಾಲ್ಕೂ ಜನ ಒಂದೇ ತಾಯಿ ಮಕ್ಕಳಾ?”

“ಅಯ್ಯೋ, ಹಂಗಾದ್ರೆ ಇಬ್ಬರೇ. ಇನ್ನಿಬ್ಬರು ದೊಡ್ಡಪ್ಪನ ಮಕ್ಕಳು.”

ಮೇಜಿನ ಆಚೆ ಕೂತವರು ಪೆನ್ಸಿಲ್ ಕೆಳಗಿಟ್ಟು, ರಬ್ಬರ್ ತೆಗೆದುಕೊಂಡು, ಹಾಳೆಯ ಮೇಲೆ ಬರೆದಿದ್ದ ನಾಲ್ಕು ಚೌಕಗಳಲ್ಲಿ ಎರಡನ್ನು ಅಳಿಸಿದರು. ಬೆಂಗಳೂರಿನ ಒಂದು ಆಸ್ಪತ್ರೆ, ಬೆಳಗಿನ ಹನ್ನೊಂದು ಗಂಟೆ. ತಾಯಿಯ ತೊಡೆಯ ಮೇಲೆ ಎರಡು ವರ್ಷದ ಗಂಡುಮಗು, ಇನ್ನೂ ಕತ್ತು ನಿಂತಿಲ್ಲ. ಪಕ್ಕದಲ್ಲಿ ಅಜ್ಜಿ. ಅವರ ಕೈಯಲ್ಲಿ ಮೂರು ಊರಿನ ಡಾಕ್ಟರ ಚೀಟಿ ತುಂಬಿದ ಪ್ಲಾಸ್ಟಿಕ್ ಚೀಲ. ಮನೆಯವರ ಒಪ್ಪಿಗೆ ಪಡೆದು ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಗುರುತು ಹತ್ತದಿರಲಿ ಎಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಪೆನ್ಸಿಲ್ ಹಿಡಿದವರು ಡಾಕ್ಟರಲ್ಲ, ನರ್ಸೂ ಅಲ್ಲ. ಅವರು ಜೆನೆಟಿಕ್ ಕೌನ್ಸೆಲರ್. ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳ ವಿಷಯದಲ್ಲಿ ಮನೆಯವರ ಜೊತೆ ಕೂತು ಮಾತಾಡುವುದೇ ಅವರ ಉದ್ಯೋಗ. ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ಕಸುಬು. ಅಮೆರಿಕದ ಸಾರಾ ಲಾರೆನ್ಸ್ ಕಾಲೇಜು ಇದಕ್ಕೆಂದೇ ಸ್ನಾತಕೋತ್ತರ ಕೋರ್ಸು ತೆರೆದದ್ದು 1969ರಲ್ಲಿ. ಭಾರತದಲ್ಲಿ ಇದನ್ನು ಓದಿದವರಿಗೆ ಅರ್ಹತೆಯ ಪ್ರಮಾಣಪತ್ರ ಕೊಡುವ ಮಂಡಳಿ ಹುಟ್ಟಿದ್ದು 2014ರಲ್ಲಿ.

ಅವರ ಮುಖ್ಯ ಸಲಕರಣೆ ಆ ಹಾಳೆಯೇ. ಆಸ್ಪತ್ರೆಯ ಮಾತಿನಲ್ಲಿ ‘ಪೆಡಿಗ್ರಿ’. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬುತ್ತಾರೆ, ತೀರಿಹೋದವರ ಗುರುತಿನ ಮೇಲೆ ಓರೆಗೆರೆ. ಗರ್ಭ ನಿಲ್ಲದಿದ್ದರೆ ಒಂದು ಸಣ್ಣ ತ್ರಿಕೋನ. ಯಾರ ಸಲುವಾಗಿ ಬಂದಿದ್ದಾರೋ ಅವರ ಬಳಿ ಒಂದು ಬಾಣ. ಗಂಡ ಹೆಂಡತಿಯ ನಡುವೆ ಒಂದು ಗೆರೆ. ಸಂಬಂಧದಲ್ಲೇ ಮದುವೆಯಾಗಿದ್ದರೆ ಜೋಡಿ ಗೆರೆ.

ಪಠ್ಯಪುಸ್ತಕ ಬರೆದದ್ದು ಇಂಗ್ಲಿಷಿನವರು. ಅವರಿಗೆ ಒಡಹುಟ್ಟಿದವನಿಗೊಂದು ಪದ, ದೊಡ್ಡಪ್ಪನ ಮಗನಿಗೆ ಬೇರೆ ಪದ. ನಮಗೆ ಇಬ್ಬರೂ ಅಣ್ಣನೇ. ಹಾಗಾಗಿ ಕನ್ನಡದಲ್ಲಿ ಕೇಳುವವರು ಪ್ರತಿ ಅಣ್ಣನಿಗೂ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆದರೆ ಇನ್ನೊಂದು ಕಡೆ ನಮ್ಮ ಭಾಷೆ ಅವರ ಕೆಲಸ ಹಗುರ ಮಾಡುತ್ತದೆ. ‘ಅಂಕಲ್’ ಎಂದರೆ ಯಾರ ಕಡೆಯವರು, ರಕ್ತಸಂಬಂಧವೋ ಅಲ್ಲವೋ ಎಂದು ಮತ್ತೆ ಕೆದಕಬೇಕು. ‘ಸೋದರಮಾವ’ ಎಂದರೆ ಸಾಕು, ತಾಯಿಯ ಪಕ್ಕದಲ್ಲಿ ಚೌಕ ಬಿದ್ದುಬಿಡುತ್ತದೆ. ಈಗಿನ ಬೆಂಗಳೂರಿನ ಗಂಡಹೆಂಡಿರು ಎಲ್ಲರನ್ನೂ ಅಂಕಲ್ ಆಂಟಿ ಎಂದು ಹೇಳಿ ಈ ಅನುಕೂಲವನ್ನೂ ಕೆಡಿಸಿದ್ದಾರಂತೆ.

“ಮದುವೆ ಸಂಬಂಧದಲ್ಲೇ ಆಗಿದ್ದಾ, ಹೊರಗಡೆಯಾ?” ಕೌನ್ಸೆಲರ್ ಕೇಳಿದರು. ಉತ್ತರ ಅಜ್ಜಿಯಿಂದ ಬಂತು. “ನನ್ನ ತಮ್ಮನಿಗೇ ಕೊಟ್ಟಿದ್ದು. ಹೊರಗೆ ಕೊಟ್ರೆ ಹೆಂಗೋ ಏನೋ ಅಂತ.” ಅಂದರೆ ತೊಡೆಯ ಮೇಲಿದ್ದ ಮಗುವಿಗೆ ಆಕೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಹಾಳೆಯಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಜೋಡಿ ಗೆರೆ ಓರೆಯಾಗಿ ಇಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜಿ ತಾನಾಗಿ ಹೇಳಿದರು: “ನನಗೂ ಒಂದು ಗಂಡು ಹುಟ್ಟಿತ್ತು. ಇವಳಿಗಿಂತ ಮುಂಚೆ. ಹಿಂಗೇ ಕತ್ತು ನಿಲ್ತಿರಲಿಲ್ಲ. ವರ್ಷದೊಳಗೇ ಹೋಯ್ತು. ಬಾಲಗ್ರಹ ಅಂದ್ರು.” ಮಗಳು ತಾಯಿಯ ಮುಖ ನೋಡಿದಳು. ಅವಳಿಗೂ ಅದು ಹೊಸ ವಿಷಯ.

ಕೌನ್ಸೆಲರ್ ಚೌಕ ಬರೆದು, ಕಪ್ಪು ತುಂಬಿ, ಓರೆಗೆರೆ ಎಳೆದರು. ಆಮೇಲೆ ಮಗಳ ಕಡೆ ತಿರುಗಿ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ. “ನಿಮಗೆ ತಂಗಿ ಇದ್ದಾರಾ? ಮದುವೆ ಆಗಿದೆಯಾ?”

ಆ ಪ್ರಶ್ನೆಯ ಹಿಂದಿನ ಲೆಕ್ಕವನ್ನು ಆಮೇಲೆ ಬಿಡಿಸಿ ಹೇಳಿದರು. ಸಂಬಂಧದ ಮದುವೆ ಕಂಡ ತಕ್ಷಣ ಅದನ್ನೇ ಕಾರಣ ಮಾಡಿಬಿಡುವುದು ಸುಲಭ. ತಂದೆಯದೊಂದು, ತಾಯಿಯದೊಂದು, ಒಂದೇ ವಂಶವಾಹಿಯ ಎರಡೂ ಕೆಟ್ಟ ಪ್ರತಿಗಳು ಮಗುವಿನಲ್ಲಿ ಕೂಡಿರಬಹುದು. ಆದರೆ ಅಜ್ಜಿಯ ಮಗ, ಮಗಳ ಮಗ, ಎರಡೂ ಗಂಡು. ಹೆಂಗಸರು ಹೊತ್ತು ತಂದು ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುವ, ಎಕ್ಸ್ ವರ್ಣತಂತುವಿನ ಕಾಯಿಲೆಯೂ ಹೀಗೇ ಕಾಣುತ್ತದೆ. ಮೊದಲನೆಯದಾದರೆ ತಂಗಿಯನ್ನು ಹೊರಗೆ ಕೊಟ್ಟರೆ ಹೆಚ್ಚಿನ ಭಯವಿಲ್ಲ. ಎರಡನೆಯದಾದರೆ ಎಲ್ಲಿಗೇ ಕೊಡಲಿ, ಆಕೆಯ ಗಂಡುಮಕ್ಕಳಿಗೆ ಅಪಾಯ ಇರಬಹುದು. ಅಜ್ಜಿ ಹೇಳಿದ ಆ ಒಂದು ಮಾತು ಇಲ್ಲದಿದ್ದರೆ ಈ ಎರಡನೇ ದಾರಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಯಂತ್ರ ಎಷ್ಟೇ ದುಬಾರಿಯದಾದರೂ ಅಜ್ಜಿಯನ್ನು ಮಾತಾಡಿಸುವುದು ಅದಕ್ಕೆ ಬರುವುದಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ವಿಶೇಷ ತೂಕವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಹುಟ್ಟಿನ ಕಾಯಿಲೆಗಳ ಲೆಕ್ಕ ಇಟ್ಟಿದ್ದರು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಸರಾಸರಿ ಎಂಟು ವಂಶವಾಹಿ ಜೋಡಿಗಳಲ್ಲಿ ಒಂದು ಜೋಡಿ, ಒಬ್ಬನೇ ಪೂರ್ವಜನಿಂದ ಇಳಿದ ಒಂದೇ ಪ್ರತಿಯ ಎರಡು ನಕಲು. ಅತ್ತೆಮಗ ಮಾವನಮಗಳಾದರೆ ಹದಿನಾರರಲ್ಲಿ ಒಂದು. ಹಾಗೆಂದು ಭಯಪಡಿಸುವಂತಿಲ್ಲ. ಯಾವ ದಂಪತಿಗೇ ಆಗಲಿ, ಗಂಭೀರ ಹುಟ್ಟುದೋಷದ ಮಗು ಆಗುವ ಸಂಭವ ನೂರಕ್ಕೆ ಎರಡು ಮೂರು. ಅತ್ತೆಮಾವಂದಿರ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಉಳಿದ ತೊಂಬತ್ತೈದರಷ್ಟು ಮನೆಗಳಲ್ಲಿ ಏನೂ ಆಗುವುದಿಲ್ಲ, “ನಮ್ಮಲ್ಲಿ ತಲೆತಲಾಂತರದಿಂದ ಹಿಂಗೇ, ಯಾರಿಗೆ ಏನಾಗಿದೆ?” ಎಂದು ವಾದಿಸುವವರು ಸುಳ್ಳು ಹೇಳುತ್ತಿಲ್ಲ. ಮಾಡು, ಮಾಡಬೇಡ ಎಂದು ಹೇಳದಿರುವುದು ಕೌನ್ಸೆಲರ್‌ಗಳ ನಿಯಮ. ಲೆಕ್ಕ ಮುಂದಿಡುತ್ತಾರೆ, ತೀರ್ಮಾನ ಮನೆಯವರದು.

ಲೆಕ್ಕ ಮುಂದಿಡುವುದೂ ಒಂದು ಕಲೆ. ಅದೇ ದಿನ ಬಂದಿದ್ದ ಇನ್ನೊಂದು ಜೋಡಿ, ಮೊದಲ ಮಗುವಿಗೆ ಥಲಸ್ಸೀಮಿಯಾ. “ನಾಲ್ಕರಲ್ಲಿ ಒಂದು ಅಂದ್ರಲ್ಲ, ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ ತಾನೇ?” ಎಂದು ಗಂಡ ಕೇಳಿದ. ಕೌನ್ಸೆಲರ್ ಡ್ರಾಯರಿನಿಂದ ರೂಪಾಯಿಯ ಎರಡು ನಾಣ್ಯ ತೆಗೆದು ಇಬ್ಬರ ಕೈಗೂ ಒಂದೊಂದು ಕೊಟ್ಟರು. ಹಾಕಿ ನೋಡಿ. ಎರಡೂ ಸಿಂಹ ಬಿದ್ದರೆ ಕಾಯಿಲೆ. ಆರನೇ ಸಲ ಹಾಕುವಷ್ಟರಲ್ಲಿ ಹೆಂಡತಿಗೆ ತಿಳಿದುಹೋಗಿತ್ತು. “ಕವಡೆ ಇದ್ದ ಹಂಗೆ ಕಣ್ರೀ. ಹಿಂದೆ ಏನು ಬಿತ್ತು ಅಂತ ಅದಕ್ಕೇನು ಗೊತ್ತಿರುತ್ತೆ?”

ಮಾತುಕತೆ ಮುಗಿದ ಮೇಲೆ ರಕ್ತ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎರಡು ಬಗೆಯ ಕಸುಬುದಾರರು. ವರ್ಣತಂತು ನೋಡುವವರದು ಹಳೆಯ ಮನೆತನ. ಬಿಳಿಯ ರಕ್ತಕಣಗಳನ್ನು 37 ಡಿಗ್ರಿಯಲ್ಲಿ ಸುಮಾರು 72 ಗಂಟೆ ಬೆಳೆಸಿ, ವಿಭಜನೆಯನ್ನು ಮಧ್ಯದಲ್ಲೇ ತಡೆದು, ಕಣಗಳು ಊದಿಕೊಳ್ಳುವಂತೆ ಮಾಡಿ, ಗಾಜಿನ ಮೇಲೆ ಹನಿ ಬೀಳಿಸುತ್ತಾರೆ. ಹನಿಯನ್ನು ಮೇಲಿಂದ ಬಿಡಬೇಕು, ವರ್ಣತಂತುಗಳು ಹರಡಿಕೊಳ್ಳಲು. ಎಷ್ಟು ಎತ್ತರದಿಂದ ಎಂದು ಒಬ್ಬೊಬ್ಬ ತಂತ್ರಜ್ಞರನ್ನು ಕೇಳಿದರೆ ಒಂದೊಂದು ಉತ್ತರ, ದೋಸೆ ಹಿಟ್ಟಿನ ಹದ ಕೇಳಿದ ಹಾಗೆ. ಬಣ್ಣ ಹಾಕಿದ ಮೇಲೆ ಪಟ್ಟೆಪಟ್ಟೆಯಾಗಿ 46 ಕಾಣಬೇಕು. ಈ 46 ಎಂಬ ಸಂಖ್ಯೆ ಖಚಿತವಾದದ್ದು 1956ರಲ್ಲಿ. ಅಲ್ಲಿಯವರೆಗೆ ಪಠ್ಯಗಳು 48 ಎನ್ನುತ್ತಿದ್ದವು. ಹಿಂದೆ ಫೋಟೊ ಮುದ್ರಿಸಿ, ಕತ್ತರಿಯಲ್ಲಿ ಕತ್ತರಿಸಿ, ಜೋಡಿಜೋಡಿಯಾಗಿ ಅಂಟಿಸುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನದು.

ಹೊಸ ಮನೆತನ ಡಿಎನ್‌ಎ ಅಕ್ಷರ ಓದುವವರದು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರ. ಪ್ರೋಟೀನು ಕಟ್ಟುವ ಭಾಗ ಮಾತ್ರ ಓದಿದರೂ ಒಬ್ಬ ಮನುಷ್ಯನಲ್ಲಿ ಮಾದರಿ ಪ್ರತಿಗಿಂತ ಬೇರೆಯಾದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಾಗ ಸಿಗುತ್ತವೆ. ಅವುಗಳಲ್ಲಿ ಈ ಮಗುವಿನ ಕತ್ತು ನಿಲ್ಲದಂತೆ ಮಾಡಿದ್ದು ಯಾವುದು? ಅದನ್ನು ಜರಡಿ ಹಿಡಿಯುವ ವೇರಿಯಂಟ್ ಅನಲಿಸ್ಟ್‌ಗಳಿಗೆ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸವಿದೆ. 2000ದಲ್ಲಿ ಐಐಎಸ್‌ಸಿ ಪ್ರಾಧ್ಯಾಪಕರು ಸೇರಿ ಕಟ್ಟಿದ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಈ ಊರಿನ ಹಳಬರಲ್ಲಿ ಒಂದು. ಜೀವಶಾಸ್ತ್ರ ಓದಿದವರು ಸ್ವಲ್ಪ ಕೋಡಿಂಗ್ ಕಲಿತರೆ, ಕೋಡಿಂಗ್ ಓದಿದವರು ಸ್ವಲ್ಪ ಜೀವಶಾಸ್ತ್ರ ಕಲಿತರೆ ಇಲ್ಲಿ ಜಾಗ ಸಿಗುತ್ತದೆ. ನಾನು ಕಂಡಂತೆ ಮೊದಲನೆಯವರದೇ ಕೈ ಮೇಲು.

ಅವರ ಜರಡಿಗಳು ಯಾರು ಬೇಕಾದರೂ ತೆರೆದು ನೋಡಬಹುದಾದ ಕೋಶಗಳು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ವಿಕ್ಟರ್ ಮೆಕ್ಯೂಸಿಕ್ 1966ರಲ್ಲಿ ಪುಸ್ತಕವಾಗಿ ಶುರುಮಾಡಿದ ವಂಶಪಾರಂಪರ್ಯ ಕಾಯಿಲೆಗಳ ಪಟ್ಟಿ ಈಗ ಓಮಿಮ್ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿದೆ. ಯಾವ ವ್ಯತ್ಯಾಸದಿಂದ ಯಾವ ಕಾಯಿಲೆ ಎಂದು ಲ್ಯಾಬುಗಳು ವರದಿ ಸೇರಿಸುವ ಕೋಶ ಕ್ಲಿನ್‌ವಾರ್. ಯಾವ ವ್ಯತ್ಯಾಸ ಎಷ್ಟು ಜನರಲ್ಲಿದೆ ಎಂದು ತೋರಿಸುವುದು ನೋಮ್ಯಾಡ್. ಓಮಿಮ್‌ನಲ್ಲಿ ಹುಡುಕಿದರೆ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಸಿಗುತ್ತದೆ. 1970ರ ದಶಕದ ನಡುವಿನಲ್ಲಿ ಆ ಊರಿನ ದಲಿತ ಕೇರಿಗಳಲ್ಲಿ ಸೊಂಟ, ಮಂಡಿಯ ಕೀಲು ಸವೆದು ಜನ ನಡೆಯಲಾರದಂತಾದಾಗ ಮೊದಲು ಅನುಮಾನ ಬಿದ್ದದ್ದು ಗದ್ದೆಯ ಕೀಟನಾಶಕದ ಮೇಲೆ, ಅದೇ ಗದ್ದೆಯಲ್ಲಿ ಹಿಡಿದು ತಿನ್ನುವ ಏಡಿಯ ಮೇಲೆ. ಮನೆಮನೆಯ ಪೆಡಿಗ್ರಿ ಬರೆದ ಮೇಲಷ್ಟೇ ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ಕಾಯಿಲೆ ಎಂದು ಗೊತ್ತಾಯಿತು. ಅಲ್ಲೂ ಪೆನ್ಸಿಲ್ಲೇ ಮೊದಲು ಮಾತಾಡಿತು.

ಆದರೆ ಈ ಕೋಶಗಳಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದವರ ಡಿಎನ್‌ಎ. ಅಲ್ಲಿ ಅಪರೂಪವಾದದ್ದು ಇಲ್ಲಿ ಕೆಲವು ಸಮುದಾಯಗಳಲ್ಲಿ ಸಾಮಾನ್ಯವಾಗಿರಬಹುದು. ಅರಿವಳಿಕೆಯ ಜೊತೆ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೊಟ್ಟರೆ ಕೆಲವರ ಸ್ನಾಯುಗಳು ನಿಮಿಷಗಳ ಬದಲು ಗಂಟೆಗಟ್ಟಲೆ ಸಡಿಲವಾಗಿಬಿಡುತ್ತವೆ, ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಆರ್ಯವೈಶ್ಯರಲ್ಲಿ ಇದಕ್ಕೆ ಕಾರಣವಾಗುವ ವಂಶವಾಹಿ ದೋಷ ಬೇರೆಡೆಗಿಂತ ಎಷ್ಟೋ ಪಟ್ಟು ಹೆಚ್ಚು. ಶತಮಾನಗಟ್ಟಲೆ ತಮ್ಮೊಳಗೇ ಮದುವೆಯಾದ ಗುಂಪುಗಳಲ್ಲಿ ಹೀಗಾಗುತ್ತದೆ. ಗೊತ್ತಿದ್ದರೆ ಬೇರೆ ಔಷಧಿ ಬಳಸಿದರಾಯಿತು, ಅಷ್ಟೇ. ಹಾಗೆ ಗೊತ್ತಾಗಬೇಕಾದರೆ ನಮ್ಮವರ ಲೆಕ್ಕ ನಮ್ಮಲ್ಲಿರಬೇಕು.

2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಈ ಕೊರತೆಗೆ ಉತ್ತರ. 20 ಸಂಸ್ಥೆಗಳು ಸೇರಿ ಮಾಡಿದ ಇದರ ಮುಂದಾಳತ್ವ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. ಹತ್ತು ಸಾವಿರ ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ಅದು ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ; ಸಂಶೋಧಕರು ಅರ್ಜಿ ಹಾಕಿ ಬಳಸಬಹುದು. ಇದೇ ಮಿದುಳು ಕೇಂದ್ರ, ಮಾವಿನ ಊರಾದ ಕೋಲಾರದ ಶ್ರೀನಿವಾಸಪುರದ ಸುತ್ತಲ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನೂ ನಡೆಸುತ್ತಿದೆ. ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ತಿಳಿಯುವುದು ಉದ್ದೇಶ. ಹಳ್ಳಿಯ ಜನರ ಭಾಷೆಯಲ್ಲಿ ಮಾತಾಡಬಲ್ಲವರು ಇಲ್ಲದೆ ಇಂಥ ಕೆಲಸ ಒಂದು ದಿನವೂ ನಡೆಯದು.

ಈ ಕಸುಬು ಕಲಿಯಬೇಕೆನ್ನುವವರಿಗೆ ದಾರಿ ಹೀಗಿದೆ. ಜೀವವಿಜ್ಞಾನದ ಬಿ.ಎಸ್ಸಿ ಆದವರಿಗೆ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎರಡು ವರ್ಷದ ಎಂ.ಎಸ್ಸಿ. ವೈದ್ಯರಿಗೆ, ಮಕ್ಕಳ ವಿಭಾಗದಂಥದ್ದರಲ್ಲಿ ಎಂ.ಡಿ ಮುಗಿಸಿದ ಮೇಲೆ ಮೂರು ವರ್ಷದ ಡಿ.ಎಂ, ಲಖನೌದ ಸಂಜಯ್ ಗಾಂಧಿ ಸಂಸ್ಥೆ ಇದರಲ್ಲಿ ಹಳೆಯದು. ನಮ್ಮಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಇದೂ ಗುರುತಿಸಿದ ಕೇಂದ್ರ. ಆಯ್ದ ಕಾಯಿಲೆಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಹೊಸ ಕಾಯಿಲೆಗಳ ವಂಶವಾಹಿಗಳನ್ನು ಹುಡುಕುವುದರಲ್ಲಿ ಹೆಸರು ಮಾಡಿದೆ. 2023ರಲ್ಲಿ ಶುರುವಾದ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದಿಂದಾಗಿ ಮೈಸೂರು, ಚಾಮರಾಜನಗರದ ಹಾಡಿಗಳಲ್ಲೂ ಈ ಮಾತುಕತೆಯ ಕೆಲಸ ಬಂದಿದೆ. ಒಂದು ಕಾನೂನು ಎಲ್ಲರೂ ಬಾಯಿಪಾಠ ಮಾಡಬೇಕು: 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ. ಹೊಟ್ಟೆಯ ಮಗುವಿಗೆ ಕಾಯಿಲೆ ಇದೆಯೇ ಎಂದು ಹೇಳಬಹುದು, ಗಂಡೋ ಹೆಣ್ಣೋ ಎಂದು ಕಣ್ಸನ್ನೆಯಲ್ಲೂ ಹೇಳುವಂತಿಲ್ಲ.

ಕೌನ್ಸೆಲರ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮ ನೆಂಟರ ಮನೆಯಲ್ಲೇ ಕಂಡಿದ್ದೇನೆ. ಹದಿನಾಲ್ಕು ಪುಟದ ಇಂಗ್ಲಿಷ್ ರಿಪೋರ್ಟು ಇಮೇಲಿನಲ್ಲಿ ಬಂತು, ವಿವರಿಸುವವರು ಯಾರೂ ಇರಲಿಲ್ಲ. ಅದರಲ್ಲಿ ‘ವಿಯುಎಸ್’ ಎಂದಿತ್ತು. ಒಂದು ವ್ಯತ್ಯಾಸ ಸಿಕ್ಕಿದೆ, ಅದರಿಂದ ಕೆಡುಕೋ ಇಲ್ಲವೋ ಈಗ ಹೇಳಲಾಗದು ಎಂದು ಅದರ ಅರ್ಥ; ಐದು ದರ್ಜೆಗಳಲ್ಲಿ ನಡುವಿನದು. ಮನೆಯವರು ಅದನ್ನು ಕಾಯಿಲೆಯ ಹೆಸರೆಂದೇ ತಿಳಿದು ಎಂಟು ತಿಂಗಳು ಅದಕ್ಕೆ ಔಷಧಿ ಹುಡುಕುತ್ತಾ ಅಲೆದರು.

ಎರಡು ತಿಂಗಳ ಮೇಲೆ ಅದೇ ಆಸ್ಪತ್ರೆಗೆ ಮತ್ತೆ ಹೋಗಿದ್ದೆ. ಅಜ್ಜಿ ಹೊರಗೆ ಬೆಂಚಿನ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಕೂತಿದ್ದರು. ಒಳಗೆ ತಂಗಿ, ಗಂಡುಕಡೆಯವರು ನೋಡಿ ಒಪ್ಪಿಹೋಗಿರುವ ಹುಡುಗಿ, ಅಕ್ಕನ ಪಕ್ಕದಲ್ಲಿ. ಕೌನ್ಸೆಲರ್ ಮೇಜಿನ ಮೇಲೆ ಹೊಸ ಹಾಳೆ. ಮನೆತನ ಅದೇ, ಚೌಕ ವೃತ್ತಗಳೂ ಅವೇ. ಬಾಣ ಮಾತ್ರ ಜಾಗ ಬದಲಿಸಿ ತಂಗಿಯ ವೃತ್ತದ ಬಳಿ ಬಂದಿತ್ತು.