ಅಂಗಡಿ ತೆರೆಯುವ ಮೊದಲು ಒಂದು ಹಾಳೆ ಕಾಗದ

ಸಂಜೆ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಬಂಧುಗಳ ಮಾತು ಕೊನೆಗೆ ಒಂದೇ ಕಡೆಗೆ ಹೊರಳುತ್ತದೆ: "ಇನ್ನೊಬ್ಬರ ಗಲ್ಲಾ ಎಷ್ಟು ದಿನ ಕಾಯುವುದು? ಸ್ವಂತದ್ದೊಂದು ಸಣ್ಣ ಹೋಟೆಲಾದರೂ ಇಡಬೇಕು." ಆಸೆ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷದ ಪ್ರಾವಿಡೆಂಟ್ ಫಂಡು ಕೈಗೆ ಬರುವುದು ಒಂದೇ ಸಲ. ನಮ್ಮ ಚಾಳಿನ ಸ್ನೇಹಿತರೊಬ್ಬರು ಅದನ್ನು ಪೂರ್ತಿಯಾಗಿ ಉಪನಗರದ ಒಂದು ತಿಂಡಿಯಂಗಡಿಗೆ ಸುರಿದು, ಎಂಟನೆಯ ತಿಂಗಳಿಗೆ ಬಾಗಿಲೆಳೆದರು. ಅಡುಗೆಯಲ್ಲಿ ದೋಷವಿರಲಿಲ್ಲ, ಅವರ ಸಾಂಬಾರಿನ ರುಚಿ ನಮಗೆ ಇನ್ನೂ ನೆನಪಿದೆ. ಆಮೇಲೆ ಅವರ ಚೀಟಿಗಳನ್ನೆಲ್ಲ ಹರವಿಕೊಂಡು ಕೂಡಿಸಿದವರು ನಾವೇ. ಮೊದಲು ಮಾಡಬೇಕಾದ ಲೆಕ್ಕವನ್ನು ಕೊನೆಗೆ ಮಾಡಿದ ಹಾಗಾಯಿತು.

ವ್ಯಾಪಾರದ ಯೋಜನೆ ಬರೆಯುವುದೆಂದರೆ ಇಷ್ಟೆ: ಆ ಕೂಡಿಸುವ ಕೆಲಸವನ್ನು ಹಣ ಕೈಬಿಡುವ ಮುನ್ನ ಮಾಡುವುದು. ಬ್ಯಾಂಕಿಗೂ ಅದು ಬೇಕಾಗುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡವಿಲ್ಲದೆ ಸಾಲ ಕೊಡುತ್ತಾರೆ. "ಶಿಶು" ವರ್ಗಕ್ಕೆ 50,000 ರೂಪಾಯಿಯವರೆಗೆ, "ಕಿಶೋರ"ಕ್ಕೆ 5 ಲಕ್ಷದವರೆಗೆ. ಅಡವಿಲ್ಲದ ಸಾಲವೆಂದರೆ ತೀರಿಸಬೇಕಿಲ್ಲದ ಸಾಲವೆಂದು ತಿಳಿದವರೂ ನಮ್ಮಲ್ಲಿದ್ದಾರೆ! ಏನೇ ಇರಲಿ, ಯೋಜನೆಯ ಮೊದಲ ಓದುಗ ಬ್ಯಾಂಕಿನ ಸಾಹೇಬರಲ್ಲ, ನೀವೇ.

ಒಂದು ಉದಾಹರಣೆ ನೋಡೋಣ. ಅಂಕಿಗಳು ನಾವು ಊಹಿಸಿಕೊಂಡವು; ನಿಮ್ಮ ಗಲ್ಲಿಯ ಅಂಕಿ ನೀವು ಹಾಕಿಕೊಳ್ಳಿ. ಕಚೇರಿಗಳಿರುವ ಒಂದು ಗಲ್ಲಿಯಲ್ಲಿ ಬೆಳಗಿನ ಇಡ್ಲಿಯಂಗಡಿ. ತಿಂಗಳಿಗೆ ಬಾಡಿಗೆ 20,000, ಇಬ್ಬರು ಹುಡುಗರಿಗೆ 28,000, ದೀಪ-ನೀರಿಗೆ 4,000, ಸಾಲದ ಕಂತು 6,000. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಮ್ಮ ಮನೆಯ ಖರ್ಚು? ಊರಿಗೆ ಕಳಿಸುವ ಹಣ? ಅದಕ್ಕೆ 20,000 ಬರೆಯಿರಿ. ನಮ್ಮ ಸ್ನೇಹಿತರು ಇದನ್ನು ಬರೆದಿರಲಿಲ್ಲ. ದಿನಾ ಗಲ್ಲಾದಿಂದ ಕೈಗೆ ಬಂದಷ್ಟು ತೆಗೆಯುತ್ತಿದ್ದರು. ಒಟ್ಟು 78,000 ಆಯಿತು. ಕಚೇರಿಗೆ ರಜೆಯಾದ ದಿನ ಗಿರಾಕಿಯಿಲ್ಲ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 3,000. ತಟ್ಟೆಗೆ 40 ರೂಪಾಯಿ. ಅಕ್ಕಿ, ಉದ್ದು, ಕಾಯಿ, ಗ್ಯಾಸಿಗೆ 22 ಹೋದರೆ ಉಳಿಯುವುದು 18. ಎಂದಮೇಲೆ ದಿನಕ್ಕೆ 167 ತಟ್ಟೆ ಹೋಗಬೇಕು. ತಿಂಡಿಯ ಹೊತ್ತು ಮೂರು ಗಂಟೆ, ಅಂದರೆ 180 ನಿಮಿಷ. ಹೆಚ್ಚುಕಡಿಮೆ ನಿಮಿಷಕ್ಕೊಂದು ತಟ್ಟೆ! ನಿಮ್ಮ ಒಲೆ, ಅಟ್ಟ, ಇಬ್ಬರು ಹುಡುಗರು ಇದಕ್ಕೆ ಸಾಲುತ್ತಾರೆಯೇ? ಒಂದು ವಾರ ಆ ಗಲ್ಲಿಯ ಮೂಲೆಯಲ್ಲಿ ನಿಂತು ಎಣಿಸಿ: ಎಷ್ಟು ಜನ ಹಾಯುತ್ತಾರೆ, ಎಷ್ಟು ಜನ ಡಬ್ಬಿ ತರುತ್ತಾರೆ.

ಮಾಟುಂಗ ಸ್ಟೇಷನ್ನಿನ ಹತ್ತಿರ 1942ರಲ್ಲಿ ರಾಮಾ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಉಂಡವರು ಒಂದು ಸಂಗತಿ ಗಮನಿಸಿರಬಹುದು. ಮೊದಲು ಹಣ ಕೊಟ್ಟು ಕೂಪನ್ ಪಡೆಯಬೇಕು, ಆಮೇಲೆ ಊಟ. ಮಿತವಾಗಿ ಉಣ್ಣುವವರಿಗೆ ತಟ್ಟೆಯ ಊಟ, ಹೊಟ್ಟೆ ತುಂಬ ಬೇಕೆನ್ನುವವರಿಗೆ ಬಾಳೆಲೆ. ದರ ಬೇರೆ ಬೇರೆ. ಇದರಿಂದ ಉದ್ರಿಯ ಕಾಟ ತಪ್ಪಿತು, ಎಷ್ಟು ಎಲೆ ಹಾಕಬೇಕೆಂಬುದೂ ಮೊದಲೇ ತಿಳಿಯಿತು. ಉದ್ರಿಯ ಬಗ್ಗೆ ನಿಮ್ಮ ನಿಯಮವೇನೆಂದು ನೀವೂ ಮೊದಲೇ ಬರೆದಿಡಿ. ಊರಿನವರ ಮುಖ ನೋಡಿದ ಮೇಲೆ ನಿಯಮ ಮಾಡಲು ಬಾಯಿ ಬರುವುದಿಲ್ಲ.

ಡಿಪಾಜಿಟ್, ಪಾತ್ರೆ, ಲೈಸೆನ್ಸಿನ ಖರ್ಚು ಬೇರೆ ಪಟ್ಟಿಯಲ್ಲಿರಲಿ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯಿದೆಯಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಲಿಖಿತವಾಗಿದ್ದು ನೋಂದಣಿಯಾಗಲೇಬೇಕು. ಬಾಯಿಮಾತಿಗೆ ಡಿಪಾಜಿಟ್ ಕೊಡಬೇಡಿ. ಕೊನೆಗೆ ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಅಷ್ಟು ಬೀಳದಿದ್ದರೂ ಪ್ರತಿ ವರ್ಷ ರೈಲು ನಿಂತ ದಿನ ಇಡ್ಲಿ ಉಳಿಯುತ್ತದೆ. ಮೂರು ತಿಂಗಳ ಖರ್ಚನ್ನು ಮುಟ್ಟದೆ ಬ್ಯಾಂಕಿನಲ್ಲಿಡಿ. ಅಷ್ಟು ಉಳಿಯದಿದ್ದರೆ ಅಂಗಡಿ ಇನ್ನೊಂದು ವರ್ಷ ಕಾಯಲಿ.

ಪಾಲುದಾರಿಕೆಯ ಮಾತು ಹೇಳಲೇಬೇಕು, ಏಕೆಂದರೆ ನಮ್ಮವರು ಭಾವ-ಮೈದುನರು ಕೂಡಿಯೇ ಅಂಗಡಿ ಇಡುವುದು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಲಾಭ-ನಷ್ಟ ಸಮಪಾಲು. ನೀವು ನಾಲ್ಕು ಲಕ್ಷ ಹಾಕಿ, ಮೈದುನ ಒಂದು ಲಕ್ಷ ಹಾಕಿದ್ದರೂ ಅಷ್ಟೆ. ಸಂಸ್ಥೆ ನೋಂದಣಿಯಾಗದಿದ್ದರೆ ಕರಾರಿನ ಹಕ್ಕಿಗಾಗಿ ಪಾಲುದಾರನ ಮೇಲೆ ದಾವೆ ಹೂಡಲೂ ಕಷ್ಟ. "ನಮ್ಮ ನಮ್ಮಲ್ಲಿ ಕಾಗದವೇಕೆ?" ಎಂದು ಹೇಳುವವರಿಗೆ ನಾವು ಹೇಳುವುದು: ಸಂಬಂಧ ಉಳಿಯಲಿ ಎಂದೇ ಕಾಗದ.

ಬರೆದ ಹಾಳೆಯನ್ನು ವ್ಯಾಪಾರ ಬಲ್ಲ ಒಬ್ಬರಿಗೆ, ಮನೆಯಾಕೆಗೂ ತಪ್ಪದೆ, ಓದಿ ತೋರಿಸಿ. ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ತಂದರೆ ನಾವೂ ಕೂತು ಕೂಡಿಸಿ ನೋಡುತ್ತೇವೆ. ಪೆನ್ಸಿಲಿನಲ್ಲಿ ಬರೆದು ತನ್ನಿ. ಅಳಿಸುವುದು ಬಹಳ ಇರುತ್ತದೆ.